ಹುಲಿ ಕಂಬಳಿಯೊಳಗಿನ ಸದ್ದು

ಕಂತು: ಒಂಬತ್ತು

"ಅಲುಗಬೇಡಿ ಲೀಲಾಕ್ಷಿ, ನಿಮ್ಮ ಚಪ್ಪಲಿಯ ಹತ್ತಿರವೇ ಉಂಟು," ಎಂದು ಪಿಸುಗುಟ್ಟಿದರು ಸಿರಿಲ್ ಪೊರ್ಬು.

ಹಾವು ಎಂದುಕೊಂಡು ನನ್ನ ಜೀವ ಬಾಯಿಗೆ ಬಂತು. ನೋಡಿದರೆ ಹುಲ್ಲಿನ ಬುಡದಲ್ಲಿ ಮಣ್ಣಿನ ಬಣ್ಣದ ಒಂದು ನೆಲಗುಬ್ಬಿ. ತಲೆಯ ಮೇಲೆ ಜುಟ್ಟು ಬೇರೆ. ನನ್ನನ್ನೇ ದುರುಗುಟ್ಟಿ ನೋಡುತ್ತಾ ಕೂತಿದೆ. ಪೊರ್ಬುಗಳು ಅದನ್ನು ತಮ್ಮ ಪಟ್ಟಿಯಲ್ಲಿ ಬರೆದುಕೊಂಡರು. ಬೆಳಿಗ್ಗೆಯಿಂದ ಅದು ಮೂವತ್ತೊಂದನೆಯದಂತೆ. ನನಗೆ ಬೇಕಾದ ಹಕ್ಕಿ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ನನಗೆ ಬೇಕಾದದ್ದು ನಜ್ಮಾ. ಇಲ್ಲಿ ಡೇರೆ ಹಾಕಿದ್ದ ಅರಬ ಬೇಟೆಗಾರ ಬೂ ಖಾಲಿದರ ಗಿಡುಗ. ಹೋದ ಶುಕ್ರವಾರ ಬೆಳಿಗ್ಗೆ ಎಂಟರಿಂದ ಎಂಟೂವರೆಯ ಒಳಗೆ ಅವರ ಡೇರೆಯಿಂದ ಕಾಣೆಯಾಗಿತ್ತು. ಅದು ಕೂರುವ ಗೂಟದ ಬುಡದಲ್ಲಿ ಹಕ್ಕಿ ಫೋಟೋ ತೆಗೆಯುವ ನಮ್ಮ ಟೆರೆನ್ಸನ ಕ್ಯಾಮರಾದ ಮುಚ್ಚಳ ಬಿದ್ದಿತ್ತು. ಇವತ್ತು ಹನ್ನೊಂದು ಗಂಟೆಗೆ, ಜುಮ್ಮಾ ನಮಾಜಿಗೆ ಹೊರಡುವ ಮೊದಲು, ಬೇರೆ ಕಳ್ಳನನ್ನು ತೋರಿಸದಿದ್ದರೆ ಟೆರೆನ್ಸನನ್ನು ಪೊಲೀಸರಿಗೆ ಒಪ್ಪಿಸುತ್ತೇನೆ ಎಂದು ಬೂ ಖಾಲಿದ್ ಹೇಳಿಯಾಗಿತ್ತು. ನನ್ನ ವಾಚಿನಲ್ಲಿ ಆಗ ಎಂಟೂ ನಲವತ್ತು.

ಹಕ್ಕಿಗೆ ವಿಮೆ ಇತ್ತು. ವಿಮೆ ಕಂಪೆನಿಗೆ ನಾನು ಇದ್ದೆ. ಕಾರು ಗುದ್ದಿದ್ದು, ಅಂಗಡಿ ಸುಟ್ಟದ್ದು ಇದನ್ನೆಲ್ಲ ತನಿಖೆ ಮಾಡಿ ಸುಳ್ಳು ಹಿಡಿಯುವುದೇ ಇಪ್ಪತ್ತನಾಲ್ಕು ವರ್ಷದಿಂದ ನನ್ನ ಕೆಲಸ. ಗಿಡುಗದ ಫೈಲು ಬಂದದ್ದು ಇದೇ ಮೊದಲು. ಇಲ್ಲಿ ಗಲ್ಫಿನಲ್ಲಿ ಗಿಡುಗಕ್ಕೂ ಪಾಸ್‌ಪೋರ್ಟ್ ಉಂಟು ಮಾರಾಯ್ರೆ, ನನ್ನದಕ್ಕಿಂತ ಚೆಂದದ ಫೋಟೋ ಹಾಕಿದ್ದಾರೆ. ಅದರ ಕಾಲಿನ ಉಂಗುರದ ನಂಬರು ಅದರಲ್ಲಿತ್ತು. ಕೊನೆಯ ಮೂರು ಅಂಕೆ ನಾಲ್ಕು, ಒಂದು, ಏಳು. ಅಲ್ ಹಿಲಾಲಿನಲ್ಲಿರುವ ನನ್ನ ಫ್ಲ್ಯಾಟಿನ ನಂಬರೂ ಅದೇ ಆದ್ದರಿಂದ ನನಗದು ಬಾಯಿಪಾಠ.

ನಾವಿದ್ದದ್ದು ರೌದಾದಲ್ಲಿ. ರೌದಾ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರುಭೂಮಿಯ ನಡುವೆ ಮಳೆ ನೀರು ನಿಲ್ಲುವ ತಗ್ಗು. ಈ ಸಲ ಡಿಸೆಂಬರಿನಲ್ಲಿ ಎರಡು ಮಳೆ ಸರಿಯಾಗಿ ಬಿದ್ದು, ಮೈಲಿಗಟ್ಟಲೆ ಮೊಣಕಾಲೆತ್ತರ ಹುಲ್ಲು ಎದ್ದಿತ್ತು. ನಡುನಡುವೆ ಜಾಲಿ ಮರಗಳು. ಬೇಲಿಯ ಈಚೆ ದುರ್ಬೀನು ಹಿಡಿದ ನಮ್ಮಂಥವರು, ಆಚೆ ಗಿಡುಗ ಹಾರಿಸುವ ಬೇಟೆಯವರು. ಒಂದೇ ಹಕ್ಕಿಯನ್ನು ಈಚೆಯವರು ನೋಡಿ ಖುಷಿಪಡುತ್ತಾರೆ, ಆಚೆಯವರು ಹಿಡಿದು ಖುಷಿಪಡುತ್ತಾರೆ. ಅಷ್ಟೇ ವ್ಯತ್ಯಾಸ ಎನ್ನುತ್ತಾರೆ ಪೊರ್ಬುಗಳು. ಶಿರ್ವದ ಕ್ರೈಸ್ತರು (ನಮ್ಮ ಕಡೆ ಅವರನ್ನೇ ಪೊರ್ಬು ಎನ್ನುವುದು), ಅರವತ್ತು ದಾಟಿದವರು, ಸದ್ದು ಕೇಳಿಯೇ ಹಕ್ಕಿಯ ಹೆಸರು ಹೇಳುವವರು. ನಾನು ಬಂದದ್ದು ಕಳ್ಳನನ್ನು ಹಿಡಿಯಲು ಹೌದು, ಆದರೆ ಆ ಹುಲ್ಲು, ಆ ತಣ್ಣನೆ ಬಿಸಿಲು, ಆ ಸಾವಿರ ಕಂಠದ ಚಿಲಿಪಿಲಿ ಕೇಳಿ ನನಗೆ ಬೆಳಿಗ್ಗೆಯಿಂದ ಕಾಲು ನೆಲದಲ್ಲಿ ನಿಲ್ಲುತ್ತಿರಲಿಲ್ಲ.

ಹತ್ತಿರದಲ್ಲೇ ಚಾಪೆ ಹಾಸಿ ಟೆರೆನ್ಸ್ ಮತ್ತು ಅವನ ಹೆಂಡತಿ ಫ್ಲೋರಿನ್ ಕೂತಿದ್ದರು. ಅವನ ಎಡ ಮಣಿಕಟ್ಟಿಗೆ ಬ್ಯಾಂಡೇಜು. ಹೋದ ಶುಕ್ರವಾರ ನೀರುದೋಸೆ ಎರೆಯುವಾಗ ಕಾವಲಿ ತಾಗಿದ್ದಂತೆ. ಅವನ ಪರವಾಗಿ ಇದ್ದ ಒಂದೇ ಸಾಕ್ಷಿ ಆ ದೋಸೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಗಂಡ ಅಡುಗೆಮನೆಯಲ್ಲಿ ತನ್ನ ಕಣ್ಣೆದುರೇ ಇದ್ದ ಎಂದು ಫ್ಲೋರಿನ್ ಹೇಳಿದ್ದಳು. ಅದನ್ನು ಕಾಗದದಲ್ಲಿ ಬರೆದು, ಸಾಕ್ಷಿ ಎಂದು ಸಹಿ ಹಾಕಿ ಬೂ ಖಾಲಿದರ ಕೈಗೆ ಕೊಟ್ಟವಳು ನಾನೇ. ಅವರು ಓದಿ, ಹೆಂಡತಿ ಗಂಡನ ಪರ ಹೇಳದೆ ನಿಮ್ಮ ಪರ ಹೇಳುತ್ತಾಳಾ ಮದಾಮ್ ಎಂದು ಹಿಂದಿಯಲ್ಲಿ ಕೇಳಿ ನಕ್ಕಿದ್ದರು. ನನಗೆ ಮಂಡೆ ಬಿಸಿಯಾಗಿತ್ತು. ಫ್ಲೋರಿನಳ ಮಾತನ್ನು ನಂಬದೆ ಇನ್ನಾರದನ್ನು ನಂಬುವುದು? ಕಷ್ಟ ಎಂದರೆ ಮೊದಲು ಗಂಜಿ ತರುವವಳು ಅವಳು.

ಪೊರ್ಬುಗಳ ದುರ್ಬೀನನ್ನು ಇಸಿದುಕೊಂಡು ಸುತ್ತ ಒಂದು ಸಲ ನೋಡಿದೆ. ದೂರದಲ್ಲಿ, ಬೇಲಿಯ ಕೊನೆಯ ಮೂಲೆಯಲ್ಲಿ, ಟೆರೆನ್ಸನ ಗೆಳೆಯ ಡೆರಿಕ್‌ನ ಪಿಕಪ್ಪು ಒಂಟಿಯಾಗಿ ನಿಂತಿತ್ತು. ಎಲ್ಲರೂ ಗಾಡಿಯನ್ನು ಗೇಟಿನ ಹತ್ತಿರ ನಿಲ್ಲಿಸಿದ್ದರೆ ಇವನದು ಮಾತ್ರ ಅಲ್ಲಿ. ಹಿಂದುಗಡೆ ಚೌಕದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಕಂಬಳಿ. ಕಂಬಳಿಯ ಮೇಲೆ ಬಾಯಿ ತೆರೆದುಕೊಂಡ ಹುಲಿಯ ಚಿತ್ರ.

ಹುಲಿ ಕಂಬಳಿ! ಗಲ್ಫಿನಿಂದ ಊರಿಗೆ ಹೋಗುವವರೆಲ್ಲ ಹೊತ್ತುಕೊಂಡು ಹೋಗುವ ಅದೇ ದಪ್ಪ ಕಂಬಳಿ. ನಮ್ಮನೆಯಲ್ಲೂ ಎರಡು ಉಂಟು. ಆದರೆ ಇದರ ಬಗ್ಗೆ ನಾನು ಎಲ್ಲೋ ಕೇಳಿದ್ದೆ.

ಫೋನಿನಲ್ಲಿ ಹುಡುಕಿದೆ. ನಮ್ಮ ಕಟ್ಟಡದ ಮೂರನೇ ಮಹಡಿಯ ಅನಿಶಾಳ ಮಗಳು ಜೋಆನ್, ಹತ್ತು ವರ್ಷದವಳು, ನಾಲ್ಕು ದಿನದ ಹಿಂದೆ ಕಳಿಸಿದ್ದ ವಾಯ್ಸ್ ಮೆಸೇಜು. ಅವಳ ಕನ್ನಡ ಎಂದರೆ ಅರ್ಧ ಇಂಗ್ಲಿಷು. "ಲೀಲಾ ಆಂಟಿ, ಸಂಡೇ ಸ್ಕೂಲ್ ಮುಗಿಸಿ ಬರುವಾಗ ಪಾರ್ಕಿಂಗಲ್ಲಿ ಡೆರಿಕ್ ಅಂಕಲ್ ಬಾಕ್ಸ್ ಇಳಿಸ್ತಿದ್ರು. ಟೈಗರ್ ಬ್ಲಾಂಕೆಟ್ ಇತ್ತು. ಒಳಗಿಂದ ಕೆಕ್ ಕೆಕ್ ಕೆಕ್ ಅಂತ ಬಂತು. ನಂಗೆ ನೋಡ್ಲಿಕ್ಕೆ ಬಿಡ್ಲಿಲ್ಲ."

ಇದನ್ನು ಕೇಳಿ ನಾನು ನೋಟ್‌ಬುಕ್ಕಿನಲ್ಲಿ 'ಭಾನುವಾರ' ಎಂದು ಬರೆದು, ಕಳವಾಗಿ ಎರಡು ದಿನದ ನಂತರದ ಮಾತು ಎಂದು ಅಡ್ಡಗೆರೆ ಎಳೆದಿದ್ದೆ. ಶುಕ್ರವಾರವಂತೂ ಡೆರಿಕ್ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದ ಎಂದು ಅವನೇ ಹೇಳಿದ್ದ. ಆ ಗೇಟಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಹಾಗಾಗಿ ನಾನು ಹೋಗಿ ವಿಚಾರಿಸಿರಲೂ ಇಲ್ಲ.

ಆದರೂ ಹುಲಿ ಯಾವ ಬಣ್ಣದ್ದು ಎಂದು ಒಂದು ಮಾತು ಕೇಳಿಬಿಡೋಣ ಎಂದು ಅನಿಶಾಳಿಗೆ ಫೋನು ಹಚ್ಚಿದೆ. ಮಗುವಿಗೆ ಕೊಡು ಎಂದೆ.

"ಅವಳಿಲ್ಲ ಲೀಲಕ್ಕ, ಸಂಡೇ ಸ್ಕೂಲಲ್ಲಿ ಇದ್ದಾಳೆ. ಒಂಬತ್ತೂವರೆಗೆ ಬಿಡೋದು," ಎಂದಳು ಅನಿಶಾ.

"ಇವತ್ತು ಶುಕ್ರವಾರ ಅಲ್ವಾ ಮಾರಾಯ್ತಿ?"

ಅವಳು ನಕ್ಕಳು. ಇಲ್ಲಿ ರಜೆ ಶುಕ್ರವಾರ, ಹಾಗಾಗಿ ತಮ್ಮ ಮಕ್ಕಳ ಸಂಡೇ ಸ್ಕೂಲು ಶುಕ್ರವಾರವೇ ನಡೆಯುವುದು, ಹೆಸರು ಮಾತ್ರ ಊರಿನದು ಎಂದು ವಿವರಿಸಿದಳು. ಎಂಟರಿಂದ ಒಂಬತ್ತೂವರೆ, ಎಷ್ಟೋ ವರ್ಷದಿಂದ ಹೀಗೇ. ಇವತ್ತು ಮಾತ್ರ ಕ್ಲಾಸು ಬೇಗ ಬಿಟ್ಟರೂ ಬಿಟ್ಟಾರು, ಟೀಚರು ರಜೆ, ಎರಡು ವರ್ಷದಲ್ಲಿ ಒಂದು ವಾರವೂ ತಪ್ಪಿಸದವರು ಇವತ್ತೇ ಮೊದಲ ಸಲ ಬಂದಿಲ್ಲ ಎಂದು ಏನೇನೋ ಹೇಳುತ್ತಿದ್ದಳು. ನನಗೆ ಅದೆಲ್ಲ ಎಲ್ಲಿ ಕೇಳುತ್ತದೆ? ಫೋನು ಇಟ್ಟೆ.

ಇಪ್ಪತ್ತನಾಲ್ಕು ವರ್ಷ! ಊರಲ್ಲಿ, ಕಾರ್ಕಳದಲ್ಲಿ, ನಮ್ಮ ಪಕ್ಕದ ಮನೆಯೂ ಒಬ್ಬ ಪೊರ್ಬುಗಳದ್ದೇ. ಭಾನುವಾರ ಮಕ್ಕಳು ಇಗರ್ಜಿಗೆ ಹೋಗುವುದನ್ನು ನೋಡಿಯೇ ಬೆಳೆದವಳು ನಾನು. ಅದೇ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರನ್ನಾದರೂ ಒಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಅಂಡೆಪಿರ್ಕಿ ಎಂದು ನನಗೆ ನಾನೇ ಬೈದುಕೊಂಡೆ. ಬೈದುಕೊಳ್ಳುವಾಗಲೂ ಖುಷಿಯಿಂದ ಮೈ ಜುಮ್ಮೆನ್ನುತ್ತಿತ್ತು. ಹೋದ ಶುಕ್ರವಾರ ಗಿಡುಗ ಹೋದದ್ದು ಎಂಟೂವರೆಯ ಒಳಗೆ. ಹೋದ ಶುಕ್ರವಾರವೇ, ಒಂಬತ್ತೂವರೆ ದಾಟಿದ ಮೇಲೆ, ಡೆರಿಕ್ ನಮ್ಮ ಕಟ್ಟಡದಲ್ಲಿ ಪೆಟ್ಟಿಗೆ ಇಳಿಸಿದ್ದು. ಇಲ್ಲಿಂದ ಅಲ್ ಹಿಲಾಲಿಗೆ ಮುಕ್ಕಾಲು ಗಂಟೆಯ ದಾರಿ. ರಾಸ್ ಲಫಾನೂ ಇಲ್ಲ, ಡ್ಯೂಟಿಯೂ ಇಲ್ಲ.

ಪೊರ್ಬುಗಳ ಕೈ ಹಿಡಿದು ಎಳೆದುಕೊಂಡು ಹೊರಟೆ. ದಾರಿಯಲ್ಲಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ, ಆ ಮಗು ಸದ್ದು ಹೇಗೆ ಬಂತು ಎಂದಿತು ಎಂದು. ಕೆಕ್ ಕೆಕ್ ಎಂದೆ. ಅವರು ನಿಂತಲ್ಲೇ ನಿಂತು, ಕನ್ನಡಕ ಒರೆಸಿಕೊಂಡು, ನಂತರ ನನಗಿಂತ ಜೋರಾಗಿ ನಡೆಯತೊಡಗಿದರು.

ಎಲ್ಲಿದ್ದನೋ ಏನೋ, ನಾವು ಪಿಕಪ್ಪಿನ ಹತ್ತಿರ ಬರುವಷ್ಟರಲ್ಲಿ ಡೆರಿಕ್ ಓಡಿ ಬಂದ. ಉಡುಪಿ ಕಡೆಯವನು, ಮೂವತ್ತೈದು ದಾಟಿದವನು, ಟೆರೆನ್ಸನ ಜೀವದ ಗೆಳೆಯ. ಬಂದವನು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ.

"ಅದರಲ್ಲಿ ಎಂತ ಉಂಟು ಡೆರಿಕ್?"

"ಪಾರಿವಾಳ ಲೀಲಕ್ಕ. ಆಚೆ ಬೇಟೆಯವರಿಗೆ ಗಿಡುಗ ಪಳಗಿಸಲಿಕ್ಕೆ ಬೇಕಂತೆ."

"ಪಾರಿವಾಳ ಹೇಗೆ ಕೂಗುತ್ತದೆ ಪೊರ್ಬುಗಳೇ?"

"ಗುಟುರ್ ಗುಟುರ್," ಎಂದರು ಅವರು. "ಕೆಕ್ ಕೆಕ್ ಅಂತ ಕೂಗುವ ಪಾರಿವಾಳ ನನ್ನ ನಲವತ್ತು ವರ್ಷದಲ್ಲಿ ಒಂದೂ ಸಿಕ್ಕಿಲ್ಲ."

ಡೆರಿಕ್‌ನ ಮುಖ ಬಿಳಿಚಿತು. ಹೋದ ಶುಕ್ರವಾರ ಒಂಬತ್ತೂವರೆ ದಾಟಿದ ಮೇಲೆ ಎಲ್ಲಿದ್ದೆ ಎಂದು ಕೇಳಿದೆ. ಡ್ಯೂಟಿಯಲ್ಲಿ ಎಂದ. ಸಂಡೇ ಸ್ಕೂಲು ಯಾವ ದಿನ ಎಂದು ಕೇಳಿದೆ. ಅವನು ನನ್ನ ಹೆಗಲಾಚೆ, ಟೆರೆನ್ಸ್ ಕೂತಿದ್ದ ಚಾಪೆಯ ಕಡೆಗೆ ನೋಡಿದ. ಆಗಲೇ ನಾನು ಆ ನೋಟವನ್ನು ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಗಲಾಟೆ ಕೇಳಿ ಬೇಲಿಯ ಆಚೆಯಿಂದ ಬೂ ಖಾಲಿದ್ ಬಂದರು. ಬಿಳಿ ಗಡ್ಡ, ಕೈಯಲ್ಲಿ ದಪ್ಪ ಚರ್ಮದ ಗವಸು. ಒಂದು ವಾರದಿಂದ ಆ ಮನುಷ್ಯ ಸರಿಯಾಗಿ ಊಟ ಮಾಡಿಲ್ಲ ಎಂದು ಅವರ ಡೇರೆಯವರು ಹೇಳುತ್ತಿದ್ದರು. ಅವರ ಹಿಂದೆಯೇ ಟೆರೆನ್ಸ್, ಅವನ ಹಿಂದೆ ಸೆರಗಿನಲ್ಲಿ ಕೈ ಒರೆಸುತ್ತಾ ಫ್ಲೋರಿನ್. ನನಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಎಲ್ಲರೂ ನೋಡಲಿ ಎಂದು ಪಿಕಪ್ಪಿಗೆ ಹತ್ತಿದೆ.

"ಬೇಡ ಲೀಲಕ್ಕ, ತೆರೆಯಬೇಡಿ, ಅದರ ಕಣ್ಣಿಗೆ ಟೊಪ್ಪಿ ಇಲ್ಲ, ಬೆಳಕು ಕಂಡರೆ ಹಾರುತ್ತದೆ," ಎಂದ ಡೆರಿಕ್.

ಹೇಳಿದ್ದು ಕೇಳಿಸಿತು. ಕೈ ನಿಲ್ಲಲಿಲ್ಲ. ನನ್ನ ಕೈ ಯಾವತ್ತೂ ಹಾಗೆಯೇ. ಹುಲಿ ಕಂಬಳಿಯನ್ನು ಎಳೆದು ಪೆಟ್ಟಿಗೆಯ ಬಾಗಿಲಿನ ಚಿಲಕ ಸರಿಸಿದೆ.

ರಪ್ಪನೆ ಒಂದು ಗಾಳಿ ನನ್ನ ಮುಖಕ್ಕೆ ಬಡಿಯಿತು. ನಾನು ಹಿಂದಕ್ಕೆ ಬಿದ್ದೆ. ಕಣ್ಣು ಬಿಡುವಷ್ಟರಲ್ಲಿ ಗಿಡುಗ ನನ್ನ ತಲೆಯ ಮೇಲಿಂದ ಎದ್ದು, ಹುಲ್ಲಿನ ಮೇಲೆ ಹಾರಿ, ಆಕಾಶಕ್ಕೆ ಏರಿಯಾಗಿತ್ತು. ಅಯ್ಯೋ ದೇವರೇ, ಏನು ಚೆಂದ! ತಪ್ಪು ಮಾಡಿದವಳು ನಾನು, ಆದರೂ ಆ ಹೊತ್ತಿನಲ್ಲಿ ಅದರಿಂದ ಕಣ್ಣು ಕೀಳಲು ನನ್ನಿಂದ ಆಗಲಿಲ್ಲ. ಹುಲ್ಲಿನಲ್ಲಿದ್ದ ಟಿಟ್ಟಿಭಗಳೆಲ್ಲ ಒಟ್ಟಿಗೆ ಕಿರುಚುತ್ತಾ ಎದ್ದವು. ರೌದಾದಲ್ಲಿದ್ದ ಎಲ್ಲ ದುರ್ಬೀನುಗಳೂ ಮೇಲಕ್ಕೆ ತಿರುಗಿದವು.

"ಹಗ್ಗ," ಎಂದರು ಸಿರಿಲ್ ಪೊರ್ಬು, ದುರ್ಬೀನು ಇಳಿಸದೆ. "ಕಾಲಿನಲ್ಲಿ ಹಗ್ಗ ಉಂಟು."

ಆಗ ನನಗೂ ಕಂಡಿತು. ಕಾಲಿನ ಪಟ್ಟಿಯಿಂದ ಒಂದು ಗಜದಷ್ಟು ಹಗ್ಗ ಜೋತಾಡುತ್ತಿತ್ತು. ಬೂ ಖಾಲಿದ್ ತಲೆಯ ಮೇಲೆ ಕೈ ಹೊತ್ತುಕೊಂಡರು. ಎಲ್ಲಾದರೂ ಜಾಲಿ ಮರದಲ್ಲಿ ಕೂತರೆ ಹಗ್ಗ ಮುಳ್ಳಿಗೆ ಸುತ್ತಿಕೊಳ್ಳುತ್ತದೆ, ತಲೆಕೆಳಗಾಗಿ ನೇತಾಡುತ್ತದೆ, ಯಾರೂ ಹುಡುಕುವ ಮೊದಲೇ ಸಾಯುತ್ತದೆ ಎಂದು ಪೊರ್ಬುಗಳು ಹೇಳಿದರು. ರೌದಾದ ತುಂಬ ಜಾಲಿ ಮರಗಳು.

ಬೂ ಖಾಲಿದ್ ರೆಕ್ಕೆಯ ಗೊಂಚಲು ಕಟ್ಟಿದ ಹಗ್ಗವನ್ನು ತಲೆಯ ಸುತ್ತ ಬೀಸುತ್ತಾ, ನಜ್ಮಾ, ನಜ್ಮಾ ಎಂದು ಕರೆದರು. ಗಿಡುಗ ಒಂದು ಸುತ್ತು ಹಾಕಿತು. ಅವರನ್ನು ನೋಡಿತು. ಇನ್ನೂ ಮೇಲಕ್ಕೆ ಹೋಯಿತು. ಮತ್ತೆ ಕರೆದರು. ಮತ್ತೆ ಬರಲಿಲ್ಲ. ಮೊದಲ ದಿನವೇ ಅವರು ನನಗೆ ಹೇಳಿದ್ದರು, ಗಿಡುಗಕ್ಕೆ ಯಜಮಾನ ಎಂಬುದಿಲ್ಲ, ವಾರವೆಲ್ಲ ಯಾರ ಕೈಯಿಂದ ತಿಂದಿತೋ ಅವರ ಕೈಗೆ ಮಾತ್ರ ಬರುತ್ತದೆ ಎಂದು. ನಾನು ಡೆರಿಕ್‌ನನ್ನು ಹಿಡಿದು ಅಲುಗಾಡಿಸಿ, ಕರೆ ಮಾರಾಯ, ನೀನೇ ಅಲ್ವಾ ಸಾಕಿದ್ದು ಎಂದೆ. ಅವನು ಇಲ್ಲವೆಂದು ತಲೆಯಾಡಿಸಿದ. ತನ್ನ ಹತ್ತಿರ ಅದು ಒಂದು ತುಂಡೂ ತಿಂದಿಲ್ಲ ಎಂದ.

ಹಾಗಾದರೆ ಯಾರ ಹತ್ತಿರ?

ನನ್ನ ಹಿಂದೆ ಫ್ಲೋರಿನ್ ಸಣ್ಣ ದನಿಯಲ್ಲಿ, "ಬೇಡಾ, ನನ್ನಾಣೆ," ಎಂದಳು.

ಅವಳು ಹೇಳಿದ್ದು ನನಗಲ್ಲ. ತಿರುಗಿದೆ. ಟೆರೆನ್ಸ್ ಜಾಕೆಟನ್ನು ಬಿಚ್ಚಿ ಎಡಗೈಗೆ ಸುತ್ತಿಕೊಳ್ಳುತ್ತಿದ್ದ. ಅವನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಪೆಟ್ಟಿಗೆ ಸಿಕ್ಕಿದ್ದು ಡೆರಿಕ್‌ನ ಗಾಡಿಯಲ್ಲಿ, ಬೂ ಖಾಲಿದರ ಕಣ್ಣೆದುರೇ. ಟೆರೆನ್ಸ್ ಮನೆಗೆ ಹೋಗಬಹುದಿತ್ತು. ಅವನು ಒಮ್ಮೆ ಜಾಲಿ ಮರಗಳ ಕಡೆ ನೋಡಿದ, ಒಮ್ಮೆ ಹೆಂಡತಿಯ ಕಡೆ ನೋಡಿದ. ಆಮೇಲೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ಎರಡು ಗಿಡ್ಡ, ಒಂದು ಉದ್ದ.

ಗಿಡುಗ ರೆಕ್ಕೆ ಮಡಚಿತು. ಕಲ್ಲಿನಂತೆ ಬಿತ್ತು. ಬೂ ಖಾಲಿದರ ಗೊಂಚಲನ್ನು ದಾಟಿ, ನನ್ನ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹೋಗಿ, ಟೆರೆನ್ಸನ ತೋಳಿನ ಮೇಲೆ ಕೂತಿತು. ಜಾಕೆಟು ಜಾರಿ ಉಗುರು ಮಣಿಕಟ್ಟಿಗೆ ನಾಟಿತು. ಬ್ಯಾಂಡೇಜು ಹರಿದು ಕೆಳಗೆ ಬಿತ್ತು. ಅದರಡಿ ಸುಟ್ಟ ಗಾಯ ಇರಲಿಲ್ಲ. ಇದ್ದದ್ದು ನಾಲ್ಕೈದು ಉಗುರಿನ ತೂತುಗಳು, ಕೆಲವು ಹಳೆಯವು, ಕೆಲವು ನಿನ್ನೆಯವು.

ಕಾವಲಿ! ನೀರುದೋಸೆ!

ಎರಡು ವರ್ಷದಲ್ಲಿ ಒಂದು ವಾರವೂ ತಪ್ಪಿಸದ ಟೀಚರು, ಇವತ್ತೇ ಮೊದಲ ಸಲ ಬಾರದವರು. ಅನಿಶಾ ಹೇಳುತ್ತಿದ್ದದ್ದು ಈಗ ನನ್ನ ಕಿವಿಗೆ ಬಿತ್ತು. ಸಂಡೇ ಸ್ಕೂಲಿನ ಟೀಚರು ನಮ್ಮ ಫ್ಲೋರಿನ್ ಎಂಬುದು ಇಡೀ ಅಲ್ ಹಿಲಾಲಿಗೆ ಗೊತ್ತು, ನನಗೂ ಗೊತ್ತು. ಹೋದ ಶುಕ್ರವಾರ ಎಂಟರಿಂದ ಒಂಬತ್ತೂವರೆ ಅವಳು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಗಂಡನ ಜೊತೆ ಅಡುಗೆಮನೆಯಲ್ಲಿ ಇರಲೇ ಇಲ್ಲ. ಡೆರಿಕ್‌ನನ್ನು ಹಿಡಿಯಲು ಎತ್ತಿದ ಅದೇ ಸಂಡೇ ಸ್ಕೂಲಿನ ಮಾತು ಟೆರೆನ್ಸನನ್ನೂ ಹಿಡಿದುಹಾಕಿತ್ತು. ಮತ್ತು ಆ ಸುಳ್ಳಿನ ಕಾಗದದಡಿ ನನ್ನ ಸಹಿ. ನನಗೆ ಅಳು ಬಂತು. ಸಿಟ್ಟೂ ಬಂತು.

"ನೀನು ನನ್ನ ಹತ್ತಿರ ಸುಳ್ಳು ಹೇಳಿದಿಯಲ್ಲಾ ಫ್ಲೋರಿನ್," ಎಂದೆ.

ಉತ್ತರ ಕೊಟ್ಟದ್ದು ಟೆರೆನ್ಸ್. ಅವನ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ.

"ಅವಳನ್ನು ಬಿಡಿ ಲೀಲಕ್ಕ. ಹಕ್ಕಿಯನ್ನು ತೆಗೆದದ್ದು ನಾನು, ಡೆರಿಕ್ ಗಾಡಿ ಕೊಟ್ಟದ್ದು ಅಷ್ಟೇ. ಇವತ್ತು ಹಗ್ಗ ಬಿಚ್ಚಿ ಬಿಡಲಿಕ್ಕೆ ಇದ್ದೆವು. ನೀವು ಒಂದು ಉಪಕಾರ ಮಾಡಿ. ಕಾಲಿನ ಪಟ್ಟಿ ಸರಿಸಿ ಉಂಗುರ ಓದಿ."

ಗಿಡುಗ ನನ್ನನ್ನು ಕಪ್ಪು ಕಣ್ಣಿನಿಂದ ನೋಡಿತು. ಪಟ್ಟಿಯನ್ನು ಮೇಲಕ್ಕೆ ಸರಿಸಿ, ಕನ್ನಡಕ ಇಳಿಸಿ, ಕೊನೆಯ ಮೂರು ಅಂಕೆ ಗಟ್ಟಿಯಾಗಿ ಓದಿದೆ.

ಎರಡು. ಸೊನ್ನೆ. ಒಂಬತ್ತು.

ಇನ್ನೊಮ್ಮೆ ಓದಿದೆ. ಅದೇ. ನನ್ನ ಫ್ಲ್ಯಾಟಿನ ನಂಬರು ಅಲ್ಲ. ಪಾಸ್‌ಪೋರ್ಟಿನ ಹಕ್ಕಿ ಅಲ್ಲ. ಇದು ನಜ್ಮಾ ಅಲ್ಲ.

ನಾನು ಬೂ ಖಾಲಿದರ ಕಡೆ ತಿರುಗಿದೆ. ಒಂದು ವಾರದಿಂದ ತನ್ನ ಹಕ್ಕಿಗಾಗಿ ಊಟ ಬಿಟ್ಟಿದ್ದ ಮನುಷ್ಯ. ಈಗಷ್ಟೇ ಇದನ್ನೇ ಹೆಸರು ಹಿಡಿದು ಕರೆದವರು. ಅವರು ಉಂಗುರ ನೋಡಲು ಬರಲಿಲ್ಲ. ಯಾವ ಅಂಕೆ ಎಂದೂ ಕೇಳಲಿಲ್ಲ. ಇದು ಪಾಸ್‌ಪೋರ್ಟಿನ ಹಕ್ಕಿ ಅಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು. ಗವಸನ್ನು ನಿಧಾನವಾಗಿ ಕಳಚಿ, ನನ್ನ ಹತ್ತಿರ ಬಂದು, ತುಂಬ ಮೆಲ್ಲಗೆ ಮಾತಾಡಿದರು.

"ಖಲಾಸ್ ಮದಾಮ್. ಹಕ್ಕಿ ಸಿಕ್ಕಿತು. ನೀವು ಏನೂ ಓದಿಲ್ಲ. ಟೆರೆನ್ಸ್ ಮನೆಗೆ ಹೋಗಬಹುದು, ಪೊಲೀಸರು ಬೇಡ."

ಫ್ಲೋರಿನ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವಳು ಗಂಡನ ಅಂಗಿ ಹಿಡಿದು ಎಳೆದಳು, ಬನ್ನಿ, ಹೋಗುವ ಎಂದಳು. ಆಗ ಒಂಬತ್ತು ಇಪ್ಪತ್ತು. ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು.

ಟೆರೆನ್ಸ್ ಅಲುಗಲಿಲ್ಲ. ಅವನ ಮಣಿಕಟ್ಟಿನಿಂದ ರಕ್ತ ಹುಲ್ಲಿಗೆ ತೊಟ್ಟಿಕ್ಕುತ್ತಿತ್ತು.

"ನಾನು ಹೋಗುವುದಿಲ್ಲ," ಎಂದ. "ಪೊಲೀಸರನ್ನು ಕರೆಯಿರಿ ಲೀಲಕ್ಕ, ಅವರೂ ಈ ಉಂಗುರ ಓದಲಿ. ಈಗಲೇ ಕರೆಯಿರಿ."